ಬಾರ್ನಬೆ ಮನೆಯ ಊಟ

ಮೊಂಪೆಲಿಯೆ
ಮಾರ್ಚ್ 9, 1974

ಪ್ರೀತಿಯ ತಂಗಿ ಸೊಲಾಂಜ್,

ಈ ಚಳಿಗಾಲ ಹೇಗೆ ಕಳೆಯಿತು? ಅಮ್ಮನನ್ನು ಮಣ್ಣು ಮಾಡಿದ ದಿನ ನೀನು ಮೆಟ್ಟಿಲಿಳಿಯಲು ಗೋಡೆ ಹಿಡಿಯುತ್ತಿದ್ದೆ. ಅದಾಗಿ ಆರು ವರ್ಷ. ನಡುವೆ ನೀನು ಬರೆದ ಎರಡು ಕಾಗದಕ್ಕೂ ನಾನು ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಬರೆಯುವುದಕ್ಕೆ ಸುಳ್ಳಲ್ಲದ ಸುದ್ದಿ ಇರಲಿಲ್ಲ. ಈಗ ಇದೆ. ಲಕೋಟೆಯ ಮೇಲಿನ ಮುದ್ರೆ ನೋಡಿ ಗಾಬರಿಯಾಗಬೇಡ. ಜೈಲಿನಲ್ಲಿದ್ದೇನೆ. ಯಾರೂ ಹಿಡಿದು ತಂದದ್ದಲ್ಲ, ನಾನೇ ನಡೆದುಕೊಂಡು ಬಂದೆ.

ಅಣ್ಣ ಹಡಗಿನ ಎಂಜಿನ್ ಮಾರುತ್ತಾನೆ ಎಂದು ನೀನು ಊರಿಗೆಲ್ಲ ಹೇಳಿಕೊಂಡು ಬಂದೆ. ನೀನು ಅದನ್ನು ನಂಬಿದ್ದೆಯೋ ಇಲ್ಲವೋ ನಾನು ಕೇಳಲಿಲ್ಲ. ಎಂಜಿನ್ ಮಾರಲಿಲ್ಲ ಸೊಲಾಂಜ್. ಮಾರ್ಸೇಯ ಟ್ರಾವೆರ್ಸೊ ಎಂಬವನು ಹೇಳಿದಂತೆ ಇಪ್ಪತ್ತಾರು ವರ್ಷ ಮನುಷ್ಯರನ್ನು ಕೊಂದೆ. ಇದನ್ನು ಬೇರೆ ಹೇಗೆ ಬರೆಯುವುದೋ ನನಗೆ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಕಣ್ಣು ಮಂಜಾಗತೊಡಗಿತು. ಬಿಡುತ್ತೇನೆ ಎಂದೆ, ಟ್ರಾವೆರ್ಸೊ ಒಪ್ಪಿದ. ಸೆತ್‌ನಲ್ಲಿ ಕಾಲುವೆಯ ಪಕ್ಕ ಒಂದು ಕೋಣೆ ಹಿಡಿದೆ. ಬೆಳಿಗ್ಗೆ ಗಾಳ ಹಾಕುವುದು, ಮಧ್ಯಾಹ್ನ ಮೀನಿನ ಸೂಪು, ಸಂಜೆ ಪಕ್ಕದ ಮನೆಯ ವಿಧವೆಯ ಜೊತೆ ಇಸ್ಪೀಟು. ಆಕೆ ಎಲೆ ಕದಿಯುತ್ತಿದ್ದಳು, ನಾನು ನೋಡಿಯೂ ಸುಮ್ಮನಿರುತ್ತಿದ್ದೆ. ಒಬ್ಬ ಮನುಷ್ಯನಿಗೆ ಇಷ್ಟು ಸಾಕು ಅನ್ನಿಸಿತ್ತು.

ಜನವರಿಯಲ್ಲಿ ಟ್ರಾವೆರ್ಸೊ ತಾನೇ ಬಂದ. ಕಾಲುವೆ ದಂಡೆಯ ಕಾಫಿ ಅಂಗಡಿಯಲ್ಲಿ ಎದುರು ಬದುರು ಕೂತೆವು.

“ಬಾರ್ನಬೆಗೆ ಮರೆವಿನ ಕಾಯಿಲೆ ಕಣಯ್ಯ,” ಎಂದ. “ಮರೆತು ಸುಮ್ಮನೆ ಬಿದ್ದಿದ್ರೆ ನಂದೇನು ಹೋಗ್ತಿತ್ತು? ಹೆಂಡತಿ ಹೆಸರು ಮರೀತಾನೆ, ಹಳೇ ಹೆಸರೆಲ್ಲಾ ನೆನಪಿಟ್ಕೊಂಡು ಊರವರ ಮುಂದೆ ಒದರ್ತಾನೆ. ಮೊನ್ನೆ ಅಂಚೆಯವನಿಗೆ ನನ್ನ ಹೆಸರೂ ಹೇಳಿದಾನಂತೆ.”

“ನಾನು ಕೆಲಸ ಬಿಟ್ಟಿದ್ದೀನಿ.”

“ಬಿಟ್ಟಿದ್ದೀಯ, ಯಾರು ಇಲ್ಲ ಅಂದೋರು? ಆದ್ರೆ ಬೇರೆಯವರಿಗೆ ಅವನ ಹೆಂಡತಿ ಬಾಗಿಲೇ ತೆಗೆಯಲ್ಲ. ನೀನು ಹೋದ್ರೆ ಊಟಾನೂ ಹಾಕ್ತಾಳೆ. ಇದೊಂದು ಮುಗಿಸು, ಆಮೇಲೆ ನೀನುಂಟು, ನಿನ್ನ ಮೀನುಂಟು.”

“ಆಗಲ್ಲ ಅಂದ್ರೆ?”

“ಆಗ ಇಬ್ಬರನ್ನ ಕಳಿಸ್ಬೇಕಾಗತ್ತೆ. ಒಬ್ಬನ್ನ ಅಲ್ಲಿಗೆ, ಒಬ್ಬನ್ನ ಇಲ್ಲಿಗೆ.” ನಗುತ್ತಲೇ ಹೇಳಿ ಕಾಫಿ ಮುಗಿಸಿದ.

ಬಾರ್ನಬೆ ನನಗೆ ಈ ಕೆಲಸ ಕಲಿಸಿದವನು. ನನಗಿಂತ ಒಂಬತ್ತು ವರ್ಷ ದೊಡ್ಡವನು. ಲೊದೇವ್ ಊರಿನ ಮೇಲಿನ ಗುಡ್ಡದಲ್ಲಿ ಹೆಂಡತಿ ಜೆರ್ಮೇನ್ ಜೊತೆ ಮೇಕೆ ಸಾಕಿಕೊಂಡಿದ್ದ. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಪಿಸ್ತೂಲು ಕೋಟಿನೊಳಗಿತ್ತು. ಇದನ್ನು ಮುಚ್ಚಿಡುವುದಿಲ್ಲ, ಹೋಗುವಾಗ ಮುಗಿಸಿ ಬರುವ ಉದ್ದೇಶದಿಂದಲೇ ಹೋದದ್ದು.

ಬಾರ್ನಬೆ ಅಂಗಳದಲ್ಲಿದ್ದ. ನನ್ನನ್ನು ನೋಡಿದವನೇ, “ಬಂದ್ರಾ ಡಾಕ್ಟ್ರೇ! ಆ ಬಿಳಿ ಮೇಕೆ ಮೂರು ದಿನದಿಂದ ಮೇವು ಮುಟ್ಟಿಲ್ಲ,” ಎಂದ. ನಾನು ಹೋಗಿ ಮೇಕೆಯ ಹೊಟ್ಟೆ ಮುಟ್ಟಿ ನೋಡಿದೆ. ಇನ್ನೇನು ಮಾಡಲಿ?

ಜೆರ್ಮೇನ್ ಸಾಸಿವೆ ಹಾಕಿ ಮೊಲದ ಸಾರು ಮಾಡಿದ್ದಳು. ಅವನು ಕೈ ತೊಳೆಯಲು ಹೋದಾಗ, ತಟ್ಟೆ ಇಡುತ್ತಾ ಮೆಲ್ಲಗೆ ಹೇಳಿದಳು: “ನೀನು ಯಾಕೆ ಬಂದಿದ್ದೀಯ ಅಂತ ನನಗೆ ಗೊತ್ತಪ್ಪ. ಊಟ ಆದ್ಮೇಲೆ ಮಾಡು. ಇವತ್ತು ಬೆಳಗ್ಗೆಯಿಂದ ಸಮಾಧಾನವಾಗಿದ್ದಾನೆ.”

ನಾನು ಕುರ್ಚಿ ಎಳೆದು ಕೂತೆ.

ಬಾರ್ನಬೆ ಬಂದು ಕೂತ. ಬ್ರೆಡ್ ಮುರಿಯುತ್ತಾ ನನ್ನ ಎಡಪಕ್ಕೆಯನ್ನೇ ದಿಟ್ಟಿಸಿದ. “ಅದನ್ನ ತೆಗೆದು ಅಲ್ಲಿಡಿ ಡಾಕ್ಟ್ರೇ. ಊಟಕ್ಕೆ ಕೂತಾಗ ಅಲ್ಲಿ ಭಾರ ಇರಬಾರದು,” ಎಂದ. ನಾನು ಯಾರೆಂಬುದನ್ನು ಮರೆತಿದ್ದ, ಆದರೆ ಪಿಸ್ತೂಲು ಎಲ್ಲಿರುತ್ತದೆ ಎಂಬುದನ್ನು ಮರೆತಿರಲಿಲ್ಲ. ತೆಗೆದು ಬೀರುವಿನ ಮೇಲೆ, ಉಪ್ಪಿನ ಭರಣಿಯ ಪಕ್ಕ ಇಟ್ಟೆ. ಮೂವರೂ ಉಂಡೆವು. ಸಾರು ಚೆನ್ನಾಗಿತ್ತು ಎಂದು ಬರೆದರೆ ನೀನು ಬೈಯುತ್ತೀಯೇನೋ, ಆದರೆ ಚೆನ್ನಾಗಿತ್ತು.

ಊಟದ ಮೇಲೆ ಪಿಸ್ತೂಲನ್ನು ಮತ್ತೆ ಕೋಟಿನೊಳಗೆ ಹಾಕಿಕೊಂಡೆ. ಜೆರ್ಮೇನ್ ನೋಡಿದಳು, ತಟ್ಟೆ ತೊಳೆಯಲು ತಿರುಗಿದಳು. ಬಾರ್ನಬೆಯನ್ನು ಗುಡ್ಡದ ಕಡೆ ತಿರುಗಾಡಲು ಕರೆದುಕೊಂಡು ಹೋದೆ. ದಾರಿಯಲ್ಲಿ ಯಾರದೋ ನಾಯಿ ಬೊಗಳಿತು. ಸೊಲಾಂಜ್, ಆ ಮನುಷ್ಯ ಹೆದರಿ ನನ್ನ ಕೈ ಹಿಡಿದುಕೊಂಡ. ನಾಯಿ ಹೋದ ಮೇಲೂ ಬಿಡಲಿಲ್ಲ.

“ಡಾಕ್ಟ್ರೇ,” ಎಂದ, “ನಾನು ಯಾರಿಗಾದ್ರೂ ಕೆಟ್ಟದ್ದು ಮಾಡಿದ್ದೀನಾ? ಮನೇಲಿರೋ ಅವಳನ್ನ ಕೇಳಿದ್ರೆ ಅಳ್ತಾಳೆ.”

“ಇಲ್ಲಪ್ಪ. ನೀನು ಮೇಕೆ ಸಾಕ್ಕೊಂಡಿದ್ದೆ, ಅಷ್ಟೇ.”

“ಹಾಗಾದ್ರೆ ಸರಿ,” ಎಂದ. ಅವನ ಮುಖದಲ್ಲಿ ಎಂಥ ನೆಮ್ಮದಿ ಬಂತು! ನನಗೆ ಹೊಟ್ಟೆಕಿಚ್ಚಾಯಿತು. ಅವನನ್ನು ಕೊಲ್ಲಲಾಗದೆ ಹೋದದ್ದು ಬರೀ ಕನಿಕರದಿಂದ ಎಂದು ಹೇಳಲಾರೆ. ಹೇಗಿದ್ದನೋ ಹಾಗೆಯೇ ಕರೆತಂದು ಜೆರ್ಮೇನ್ ಕೈಗೆ ಒಪ್ಪಿಸಿದೆ. ಅವಳು ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಾನೆ. ಬಾರ್ನಬೆ ಏನೋ ಒದರುತ್ತಾನೆಂಬ ಭಯಕ್ಕೆ ತಾನೆ ಇದೆಲ್ಲ? ಅವನು ಒದರಬಹುದಾದದ್ದನ್ನೆಲ್ಲ ನಾನೇ ಮೊದಲು ಹೇಳಿಬಿಟ್ಟರೆ ಅವನನ್ನು ಕೊಂದು ಯಾರಿಗೂ ಲಾಭವಿಲ್ಲ. ಮರುದಿನ ಬೆಳಿಗ್ಗೆ ಇಲ್ಲಿನ ನ್ಯಾಯಾಲಯಕ್ಕೆ ಬಂದೆ.

ಗುಮಾಸ್ತ ನಿಂತುಕೊಂಡೇ, ಕಡತದಿಂದ ತಲೆ ಎತ್ತದೆ, “ಮೊದಲೇ ಸಮಯ ಕೇಳಿದ್ರಾ? ಏನು ವಿಷಯ?” ಎಂದ.

“ಕೊಲೆ.”

“ಯಾರದು?”

“ನೀವು ಕೂತ್ಕೊಳ್ಳಿ ಸ್ವಾಮಿ,” ಎಂದೆ. “ಬರ್ಕೊಳ್ಳೋದು ಬಹಳ ಇದೆ.”

ನಾಲ್ಕು ದಿನ ಹಿಡಿಯಿತು. ಟ್ರಾವೆರ್ಸೊನನ್ನು ಅವನ ಮಗಳ ಮನೆಯಲ್ಲಿ ಹಿಡಿದರು. ಬಾರ್ನಬೆಯನ್ನು ಇಬ್ಬರು ವೈದ್ಯರು ನೋಡಿ, ಇವನನ್ನು ಕಟಕಟೆ ಹತ್ತಿಸಿ ಪ್ರಯೋಜನವಿಲ್ಲ ಎಂದು ಬರೆದುಕೊಟ್ಟರು. ಅವರಿಬ್ಬರೂ ಗುಡ್ಡದಲ್ಲೇ ಇದ್ದಾರೆ, ಬಾಗಿಲಲ್ಲಿ ಪೊಲೀಸರಿದ್ದಾರೆ. ನನ್ನ ತಲೆ ಉಳಿಯುತ್ತದೋ ಇಲ್ಲವೋ ಎಂದು ವಕೀಲರನ್ನು ಕೇಳಿದೆ. “ತಾವಾಗಿ ಬಂದವರ ಬಗ್ಗೆ ಸ್ವಲ್ಪ ಮೃದು ಇರ್ತಾರೆ. ಸ್ವಲ್ಪ ಅಷ್ಟೇ,” ಎಂದರು. ಊಟ ಸಪ್ಪೆ, ಹಾಸಿಗೆ ಪರವಾಗಿಲ್ಲ. ನಿದ್ದೆ ಬರುತ್ತಿದೆ.

ದೇವರ ಬಳಿ ನನ್ನಂಥವನ ಮಾತು ನಡೆಯುವುದಾದರೆ, ನೀನು ಬಹುಕಾಲ ಬಾಳು. ಹೊಲಿಗೆ ಮಾಡುವ ನಿನ್ನ ಕಣ್ಣುಗಳಿಗೆ ಬೆಳಕಿರಲಿ. ನನ್ನನ್ನು ನೋಡಲು ಬರಬೇಡ.

ನಿನ್ನ ಅಣ್ಣ,
ಆನ್ಸೆಲ್ಮ್

ಮರುಬರಹ: ಸಹಿ ಹಾಕಿ ಎರಡು ದಿನವಾಯಿತು, ಲಕೋಟೆ ಅಂಟಿಸಲು ಆಗಲಿಲ್ಲ. ನಾನು ಕೊಟ್ಟ ಹೆಸರುಗಳಲ್ಲಿ ಒಂದನ್ನು ನೀನು ಪೇಪರಿನಲ್ಲಿ ಓದುವ ಮೊದಲು ನಾನೇ ಹೇಳಬೇಕು. 1952ರ ಅಕ್ಟೋಬರಿನಲ್ಲಿ ನಿನ್ನ ಗಂಡ ಬಾಸ್ತಿಯಾಂ ಮಾರ್ಸೇಗೆ ಲಾರಿ ತಂದಿದ್ದ. ನಾನು ಕೆಲಸ ಮುಗಿಸಿ ಒಂದು ಹೋಟೆಲಿನಿಂದ ಹೊರಗೆ ಬರುತ್ತಿದ್ದೆ. ರಸ್ತೆಯ ಆಚೆಯಿಂದ ನೋಡಿ, ಸಂತೋಷದಿಂದ ಕೈ ಬೀಸಿ, ಎಲ್ಲರ ಎದುರು ನನ್ನ ಹೆಸರು ಹಿಡಿದು ಕೂಗಿದ. ಅವನು ಮಾಡಿದ ತಪ್ಪು ಅಷ್ಟೇ. ಟ್ರಾವೆರ್ಸೊ ಹೇಳಿದ, ನಾನು ಮಾಡಿದೆ. ಯಾವಳನ್ನೋ ಕಟ್ಟಿಕೊಂಡು ಓಡಿಹೋದ ಎಂದು ನಿನಗೆ ಹೇಳಿದವನೂ ನಾನೇ. ನೀನು ಉಂಗುರ ತೆಗೆದಿಟ್ಟಾಗ ಎದುರಿಗೇ ಕೂತಿದ್ದೆ. ಅವನನ್ನು ಹೂತ ಜಾಗವನ್ನು ನ್ಯಾಯಾಧೀಶರಿಗೆ ತೋರಿಸಿದ್ದೇನೆ, ನಿನ್ನನ್ನು ಕರೆಸುತ್ತಾರೆ. ಅವನ ಜೇಬಿನಲ್ಲಿ ಹೆಂಗಸರ ಒಂದು ಜೊತೆ ನೀಲಿ ಕೈಗವಸು ಇತ್ತು, ಅಂಗಡಿಯ ಕಾಗದವನ್ನೂ ಬಿಚ್ಚಿರಲಿಲ್ಲ. ಅವನು ನಿನ್ನನ್ನು ಬಿಟ್ಟು ಹೋಗಿರಲಿಲ್ಲ ಸೊಲಾಂಜ್. ಮನೆಗೇ ಬರುತ್ತಿದ್ದ.