ಮೆಣಸಿನಕಾಯಿ ಚೀಲದೊಳಗಿನ ಮುತ್ತಿನ ಸರ

ಬ್ಯಾಡಗಿ
ಗುರುವಾರ, 6 ಫೆಬ್ರುವರಿ 2025

ಪ್ರೀತಿಯ ಅವ್ವಾ,

ನಿನ್ನ ಲಗ್ನದಲ್ಲಿ ಅಪ್ಪನ ಮನೆಯವರು ನಿನಗೆ ಕೊಡುತ್ತೇವೆಂದು ಹೇಳಿದ್ದು ಇಷ್ಟು: ಬಂಗಾರದ ಗುಂಡಿನ ಬೋರಮಾಳ ಸರ ನಿನ್ನದು, ಕೈಯ ಪಾಟ್ಲಿ ನಿನ್ನವು, ಎರಡೆಳೆ ಮುತ್ತಿನ ಸರ ನಿನ್ನದು, ಅವನ್ನಿಡುವ ಕಪಾಟಿನ ಕೀಲಿ ನಿನ್ನ ಸೆರಗಿಗೆ. ಮೂವತ್ತೆಂಟು ವರ್ಷ ಕೊಡದೆ ಉಳಿದದ್ದು ಒಂದೇ: ಕೀಲಿ. ಹಬ್ಬಕ್ಕೆ ಅಪ್ಪ ತೆಗೆದುಕೊಡುತ್ತಾನೆ, ನೀನು ತೊಳೆಯುತ್ತೀ, ಒಂದು ದಿನ ಹಾಕಿಕೊಳ್ಳುತ್ತೀ, ಮತ್ತೆ ಒರೆಸಿ ಅವನ ಕೈಗೆ ಒಪ್ಪಿಸುತ್ತೀ. ತೊಳೆಯುವ ದುಡಿಮೆ ನಿನ್ನದು, ಇಡುವ ಅಧಿಕಾರ ಅವನದು. ನೋಡು, ಕೂಲಿಯವರ ಸಂಘದಲ್ಲಿ ಮನವಿ ಬರೆದು ಬರೆದು ಕೈಗೆ ಇದೇ ರೂಢಿಯಾಗಿದೆ, ಕ್ಷೇಮ ಕೇಳುವುದನ್ನೇ ಮರೆತೆ. ನಿನ್ನ ಮೊಣಕಾಲು ಹೇಗಿದೆ? ದವಾಖಾನೆ ಹತ್ತಿರವಿರಲೆಂದು ತಂಗಿ ಸುಧಾರಾಣಿಯ ಬಾಣಂತನವನ್ನು ಹಾವೇರಿಯಲ್ಲೇ ಮಾಡುತ್ತಿದ್ದೀ, ಅಲ್ಲಿ ಆ ಮೆಟ್ಟಿಲು ಹತ್ತಿ ಇಳಿಯುವುದೇ ನಿನಗೆ ಶಿಕ್ಷೆ. ಕೂಸು ಕತ್ತು ನಿಲ್ಲಿಸಿತೇ? ಫೋನು ಮಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿ ಅಡುಗೆಕಟ್ಟೆಯ ಮೇಲೆ ಇಡುತ್ತೀ. ಅಳಿಯ, ಬೀಗರು, ಹಾಲು ತರುವವಳು, ಎಲ್ಲರೂ ಕೇಳುತ್ತಾರೆ. ಅದಕ್ಕೇ ಕಾಗದ.

ತಮ್ಮ ಪ್ರವೀಣಕುಮಾರನ ನಿಶ್ಚಯಕ್ಕೆ ದಿನ ಹತ್ತಿರ ಬಂತಲ್ಲ, ಅಪ್ಪ ರಾಣೆಬೆನ್ನೂರಿಗೆ ನನಗೆ ಫೋನು ಮಾಡಿ “ನಿಮ್ಮವ್ವ ಇಲ್ಲ, ನೀನರ ಬಂದು ಬಂಗಾರ ತೊಳದು ಹೋಗು” ಅಂದ. ಶನಿವಾರ ಬ್ಯಾಡಗಿಗೆ ಬಂದೆ. ಕಪಾಟು ತೆರೆದರೆ ಖಾಲಿ! ಕೆಳಗಿನ ಹಲಗೆಯವರೆಗೂ ಕೈಯಾಡಿಸಿದೆ. ಅಪ್ಪ ಮಾತ್ರ ನಗುತ್ತ ಹಿಂದಿನ ಖೋಲಿಗೆ ಹೋಗಿ, ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿ, ಭುಜದ ತನಕ ಕೈ ಇಳಿಸಿ, ನಾಲ್ಕು ಸಲ ಸೀನಿ ಒಂದು ಗಂಟು ಹೊರಗೆಳೆದ. ನವೆಂಬರಿನಲ್ಲಿ ನೀನು ಹೋದಂದಿನಿಂದ ತಾನು ದಿನವಿಡೀ ಅಂಗಡಿಯಲ್ಲಿ, ಮನೆಗೆ ಬೀಗ. ಅದಕ್ಕೆ ಅಲ್ಲಿ ಹುಗಿದಿಟ್ಟಿದ್ದನಂತೆ. “ಯಾವ ಕಳ್ಳ ಕೈ ಹಾಕ್ತಾನ ಹಾಕಲಿ, ಸೀನಿ ಸೀನಿ ಓಣಿ ಎಬ್ಬಸ್ತಾನ” ಎಂದು ಹಿಗ್ಗಿದ. ಗಂಟು ಸಣ್ಣದಾಗಲೆಂದು ನೀನು ಒಂದೊಂದಕ್ಕೆ ಸುತ್ತಿಟ್ಟ ಅರಿವೆಯನ್ನೆಲ್ಲ ಬಿಚ್ಚಿ ಎಸೆದು, ಬರೀ ಒಂದು ಕರವಸ್ತ್ರದಲ್ಲಿ ಕಟ್ಟಿದ್ದ.

ಬಂಗಾರಕ್ಕೆ ಏನೂ ಆಗಿರಲಿಲ್ಲ, ಅವ್ವಾ. ಮುತ್ತು ಮಾತ್ರ ಎಲೆಅಡಿಕೆ ತಿಂದವರ ಹಲ್ಲಿನಂತೆ ಕೆಂಪಾಗಿದ್ದವು. ಅಪ್ಪ ನೋಡಿದ, ನೋಡಿದವನೇ ತೀರ್ಪು ಕೊಟ್ಟ: “ಇದು ನಿಮ್ಮವ್ವನ ಕೆಲಸ. ಬಿಸಿನೀರಾಗ ಹಾಕಿ ಕೆಡಿಸಿಟ್ಟು ಹೋಗ್ಯಾಳ. ಅದಕ್ಕ ಹೆಂಗಸರ ಕೈಯಾಗ ಕೀಲಿ ಕೊಡಬಾರದು ಅನ್ನೂದು.” ನನಗೆ ಬೆಂಕಿ ಹತ್ತಿತು. ಕೂಗಲಿಲ್ಲ. ಬೀಜದ ಕಂಪನಿಯ ಗೇಟಿನಲ್ಲಿ ಧರಣಿ ಕುಳಿತು ಕಲಿತದ್ದೇ ಇದು: ಮೊದಲು ಸಾಕ್ಷಿ, ಆಮೇಲೆ ಘೋಷಣೆ. ನಿನ್ನ ಹಾಗೆಯೇ ಉಗುರುಬೆಚ್ಚಗಿನ ಅಂಟವಾಳದ ನೀರಿನಲ್ಲಿ ಪಾಟ್ಲಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಸಂದು ತಿಕ್ಕಿ, ನೆರಳಲ್ಲಿ ಆರಿಸಿದೆ. ಬೋರಮಾಳ ಮುಟ್ಟುವಾಗ ನಿನ್ನದೇ ಬೈಗುಳ ಕಿವಿಯಲ್ಲಿತ್ತು: “ಗುಂಡಿನೊಳಗ ಅರಗು ಐತಿ, ಬಿಸಿ ತಾಗಿಸಿದರ ಕರಗಿ ತಗ್ಗು ಬೀಳ್ತಾವ, ಖಬರ ಇರಲಿ.” ಮುತ್ತಿಗಂತೂ ನೀನು ನೀರನ್ನೇ ತೋರಿಸುವವಳಲ್ಲ. “ಎಲ್ಲಾ ಹಾಕ್ಕೊಂಡ ಮ್ಯಾಲೆ ಅದನ್ನ ಹಾಕ್ಕೊ, ಎಲ್ಲಾಕ್ಕಿಂತ ಮೊದಲ ಅದನ್ನ ತಗಿ” ಅನ್ನುತ್ತಿದ್ದೆಯಲ್ಲ! ಅಂಥವಳು ಬಿಸಿನೀರಿಗೆ ಹಾಕುವುದುಂಟೇ?

ಮಾರುಕಟ್ಟೆಯಲ್ಲಿ ಸೋಮವಾರದ ಮೆಣಸಿನಕಾಯಿ ಟೆಂಡರು ಮುಗಿಯಲೆಂದು ಕಾದು, ಮಂಗಳವಾರ ಅಪ್ಪನನ್ನು ಬಸ್ಸು ಹತ್ತಿಸಿ ರಾಣೆಬೆನ್ನೂರಿಗೆ ಕರೆದೊಯ್ದೆ. ಶಮಶೇರಸಾಬ ಗೊತ್ತಲ್ಲ, ನಿನ್ನ ಸರಗಳನ್ನು ರೇಷ್ಮೆ ದಾರದಲ್ಲಿ ಪೋಣಿಸಿಕೊಡುವ ಪಟವೇಗಾರ. ಮುತ್ತನ್ನು ಬೆಳಕಿಗೆ ಹಿಡಿದ, ಬಿಳಿ ಅರಿವೆಯಲ್ಲಿ ಉಜ್ಜಿದ, ಮೂಸಿದ, ಸೀನಿದ. ಆಮೇಲೆ ನಕ್ಕನು ನೋಡು: “ಅಂದಾನೆಪ್ಪಾರ, ನಿಮ್ಮ ಮಾಲು ಖರೇ ಬ್ಯಾಡಗೀದ ಐತಿ ಬಿಡ್ರಿ, ಬಣ್ಣ ಭಾಳ ಚಲೋ ಹಿಡದೈತಿ.” ಅಪ್ಪನ ಮುಖ ಮುತ್ತಿಗಿಂತ ಕೆಂಪಾಯಿತು. “ಮುತ್ತು ಎಣ್ಣಿ ಕುಡೀತೈತ್ರಿ. ಇದು ತೊಳದವರ ತಪ್ಪಲ್ಲ, ಮೆಣಸಿನಕಾಯಾಗ ಇಟ್ಟವರ ತಪ್ಪು. ಮೂವತ್ತು ವರ್ಷ ಆತು, ಅಕ್ಕಾರ ಕೈಯಾಗಿಂದ ಒಂದು ಮುತ್ತು ಕೆಟ್ಟು ಬಂದಿಲ್ಲ” ಅಂದ. ಒರೆಸಿ ಒರೆಸಿ ಬಹಳಷ್ಟು ಬೆಳ್ಳಗಾದವು, ಹನ್ನೊಂದು ಮಾತ್ರ ಕೆಂಪಾಗಿಯೇ ಉಳಿದವು. ಅವನ್ನು ತೆಗೆದುಹಾಕಲೋ, ತುರುಬಿನ ಕೆಳಗೆ ಮರೆಯಾಗುವಂತೆ ಹಿಂದಕ್ಕೆ ಪೋಣಿಸಲೋ ಎಂದು ಅವನು ಕೇಳಿದಾಗ ಅಪ್ಪ ಬಾಯಿ ತೆರೆದ. ಶಮಶೇರಸಾಬ ತಡೆದ: “ನೀವು ಹೇಳಬ್ಯಾಡ್ರಿ. ಮುತ್ತು ಅಕ್ಕಾರ್ವು, ಅವರನ್ನ ಕೇಳಿ ಪೋಣಸ್ತೇನಿ.” ಮೂವತ್ತೆಂಟು ವರ್ಷದಲ್ಲಿ ನಿನ್ನ ಒಡವೆಯ ಬಗ್ಗೆ ನಿನ್ನನ್ನು ಕೇಳಬೇಕು ಅಂದವನು ಅವನೊಬ್ಬನೇ. ಏನು ಮಾಡಲಿ, ತಿಳಿಸು.

ಬರುವಾಗ ಮೋಟೆಬೆನ್ನೂರು ದಾಟುವವರೆಗೆ ಅಪ್ಪ ಬಸ್ಸಿನ ಟಿಕೆಟನ್ನು ಮಡಚುತ್ತ ಬಿಚ್ಚುತ್ತ ಕುಳಿತಿದ್ದ. ಆಮೇಲೆ, “ಬ್ಯಾಂಕಿನಾಗ ಲಾಕರ್ ಮಾಡಸೂಣ. ನಂದೂ ಪ್ರವೀಣಂದೂ ಹೆಸರು ಹಾಕಸೂಣ” ಅಂದ. ಅವ್ವನ ಹೆಸರು ಎಲ್ಲಿ ಎಂದೆ. “ಆಕಿಗ್ಯಾಕ ಬ್ಯಾಂಕಿನ ತ್ರಾಸು?” “ತೊಳಿಯೂ ತ್ರಾಸು ಕೊಡೂ ಮುಂದ ಕೇಳಿದ್ದೇನ ಯಪ್ಪಾ?” ಪಕ್ಕದ ಸೀಟಿನ ಹೆಣ್ಣುಮಗಳು ಕಿಸಕ್ಕನೆ ನಕ್ಕಳು. ಅಪ್ಪ ಕಿಟಕಿಯ ಕಡೆ ತಿರುಗಿದ. ಅವನು ಕೆಟ್ಟವನಲ್ಲ. ನಿನ್ನೆ ತಾನಾಗಿಯೇ ಕುಳಿತು ಹಳೆಯ ಧೋತರ ಹರಿದು, ಒಂದೊಂದು ಒಡವೆಗೆ ಒಂದೊಂದು ತುಂಡು ಮಾಡಿಕೊಟ್ಟ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರುವುದು ಹೀಗೆಯೇ. ಆದರೆ ಧೋತರ ಕೊಟ್ಟು ಕೀಲಿ ಉಳಿಸಿಕೊಳ್ಳುವುದು ನಡೆಯದು. ಒಡವೆಯ ಡಬ್ಬಿ ಈಗ ನನ್ನ ಹತ್ತಿರವಿದೆ, ನೀನು ಬರುವ ತನಕ ಕೊಡುವುದಿಲ್ಲವೆಂದು ಅವನೆದುರಿಗೇ ಹೇಳಿದ್ದೇನೆ. ಧರಣಿ ಎಂದೇ ತಿಳಿ.

ಕೂಸಿನ ಅಂಗಾಲಿಗೆ ನನ್ನ ಹೆಸರು ಹೇಳಿ ಎಣ್ಣೆ ತಿಕ್ಕು. ಸುಧಾರಾಣಿ ಹೊಟ್ಟೆತುಂಬ ಉಣ್ಣಲಿ, ಬೀಗರಿಗೆ ಶರಣು ಹೇಳು. ಮೊಣಕಾಲಿನ ಮೇಲೆ ಕರುಣೆ ಇರಲಿ.

ನಿನ್ನ ಹಿರಿಮಗಳು,
ನಿರ್ಮಲಾ

ತಾ.ಕ.: ಬ್ಯಾಂಕಿನಲ್ಲಿ ಖಾಲಿ ಇರುವುದು ಒಂದೇ ಲಾಕರ್, ಅದನ್ನು ಕೊಡುವ ದಿನ ಮೊದಲು ಬಂದು ಸಹಿ ಹಾಕಿದವರಿಗೆ. ಅಪ್ಪ ಅರ್ಜಿ ತಂದಿಟ್ಟಿದ್ದಾನೆ. ನಿನ್ನೊಬ್ಬಳ ಹೆಸರಿನದನ್ನು ನಾನೂ ತುಂಬಿಟ್ಟಿದ್ದೇನೆ, ಸಹಿಯ ಜಾಗ ಖಾಲಿ ಇದೆ. ನೀನೇ ಖುದ್ದು ಬರಬೇಕು. ಕದ್ದು ಮಾಡುವ ಕೆಲಸವಲ್ಲ, ಅಪ್ಪನಿಗೂ ಇದೇ ದಿನ, ಇದೇ ಹೊತ್ತಿಗೆ ಬಾ ಎಂದು ಹೇಳಿದೆ. “ಸೋಮವಾರ ಟೆಂಡರ್ ಐತಿ” ಎಂದು ಗೊಣಗಿದ, ಬೇಡ ಅನ್ನಲಿಲ್ಲ. ಆಧಾರ್ ಕಾರ್ಡು, ಎರಡು ಫೋಟೊ ತಾ. ಸುಧಾರಾಣಿಯ ಅತ್ತೆ ಅರ್ಧ ದಿನ ಕೂಸನ್ನು ನೋಡಿಕೊಳ್ಳುತ್ತಾರೆ, ಕೇಳಿದ್ದೇನೆ. ಫೆಬ್ರುವರಿ 17, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ಬ್ಯಾಂಕಿನ ಬಾಗಿಲಲ್ಲಿ.