ಸೀಸೆಯ ಆಚೆ ನೋಡುವ ಕಣ್ಣು

ಮನೆಯಿಂದ,
ಗುರುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಹಾಗಲ್ಲ ಕಣೋ, ನಾನು ಹೇಳಹೊರಟಿದ್ದೇ ಬೇರೆ. ನಿನ್ನೆ ಫೋನಿನಲ್ಲಿ ನನ್ನ ಬಾಯಿಂದ ‘ಕಾರ್ಖಾನೆ’ ಅನ್ನುವ ಮಾತು ಬಿದ್ದದ್ದೇ ತಡ, ‘ಆಮೇಲೆ ಮಾಡ್ತೀನಿ ಅಣ್ಣಾ’ ಅಂತ ನೀನು ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ, ಪೂರ್ತಿ ಓದು. ಒಬ್ಬ ಹೆಂಗಸಿನ ಕೆಲಸ ನಿನ್ನ ಒಂದು ಸಹಿಯ ಮೇಲೆ ನಿಂತಿದೆ. ಅದಿರಲಿ, ಮೊದಲು ನಿನ್ನ ಆರೋಗ್ಯ ಹೇಗಿದೆ? ಬಿ.ಪಿ. ಮಾತ್ರೆ ನುಂಗುತ್ತಿದ್ದೀಯೋ, ಮಗಳ ಕಣ್ಣು ತಪ್ಪಿಸಿ ಕಿಟಕಿಯಾಚೆ ಎಸೆಯುತ್ತಿದ್ದೀಯೋ? ಮೊಮ್ಮಗಳ ಕೆಮ್ಮು ಇಳಿಯಿತೇ? ನನ್ನ ಮಂಡಿ ಏಳುವಾಗ ಕೂರುವಾಗ ಕಟಕಟ ಅನ್ನುತ್ತದೆ. ನಿನ್ನ ಅತ್ತಿಗೆ ಹೋದ ಮೇಲೆ ಈ ಮನೆಯಲ್ಲಿ ನನಗೆ ಎದುರು ಮಾತಾಡುವುದು ಅದೊಂದೇ, ಇರಲಿ ಬಿಡು.

ಗೋಡೆ ನೋಡುತ್ತ ಕೂರಲಾರದೆ ನಾನು ವಾಚನಾಲಯದ ಮೂಲೆಯಲ್ಲಿ ಒಂದು ಮೇಜು ಹಿಡಿದಿದ್ದೇನೆ. ಬೆಳಗ್ಗೆ ಹತ್ತರಿಂದ ಒಂದರವರೆಗೆ, ಕೆಲಸ ಹೋದವರಿಗೆ ಅರ್ಜಿ ಬರೆದುಕೊಡುವುದು. ಪೇಪರಿನವರು ಇದನ್ನು ಆರ್ಥಿಕ ಹಿಂಜರಿತ ಅನ್ನುತ್ತಾರೆ, ಏನೋ ನಾಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ ಹಾಗೆ. ಇಲ್ಲಿ ನಮ್ಮ ಬೀದಿಯಲ್ಲೇ ಆರು ಅಂಗಡಿಗಳ ಬಾಗಿಲು ಬಿದ್ದಿದೆ. ನನ್ನ ಕಾಲೇಜಿನ ಇಂಗ್ಲಿಷು ನಿನಗೆ ಗೊತ್ತಲ್ಲ, ಅರ್ಧವನ್ನು ಗೆದ್ದಲು ತಿಂದಿದೆ, ಉಳಿದರ್ಧದ ಮೇಲೆ ನನಗೆ ಇಲ್ಲದ ಜಂಬ. ‘ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್’ ಅಂತ ಶುರುಮಾಡಿದರೆ ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಬರುವವರೆಗೆ ಪೆನ್ನು ಎತ್ತುವವನಲ್ಲ. ನಡುವೆ ‘ದೇರ್‌ಫೋರ್’ ಆದ ಮೇಲೆ ‘ವೇರ್‌ಆಸ್’ ಬರಬೇಕೋ ಮೊದಲು ಬರಬೇಕೋ ಮರೆತುಹೋಗಿ, ಎರಡೂ ಕಡೆ ಹಾಕಿಬಿಡುತ್ತೇನೆ.

ಹೀಗಿರುವಾಗ ಒಂದು ದಿನ ನಿನ್ನ ಹದ್ದಕ್ಕ ಬಂದಳು. ಈಗ ಬೀಗ ಬಿದ್ದಿರುವ ನಿಮ್ಮ ಸೀಸೆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದೀಪದ ಪರದೆ ಮುಂದೆ ಕೂತು, ಹಾದುಹೋಗುವ ಸೀಸೆಗಳಲ್ಲಿ ಸೀಳು ಬಿಟ್ಟದ್ದನ್ನು ಹೆಕ್ಕುತ್ತಿದ್ದವಳು. ಆ ಅಡ್ಡಹೆಸರು ಇಟ್ಟವನು ಸೂಪರ್‌ವೈಸರ್ ಆಗಿದ್ದ ನೀನೇ ಅಂತೆ. ಗಂಡನ ಸೊಂಟ ಬಿದ್ದು ಎರಡು ವರ್ಷವಾಯಿತು, ಮನೆಯಲ್ಲಿ ದುಡಿಯುವ ಜೀವ ಆಕೆಯೊಂದೇ. ಕಾರ್ಖಾನೆ ಕೊಟ್ಟ ಆಕೆಯ ಕಾರ್ಡಿನಲ್ಲಿ ‘ಹೆಲ್ಪರ್’ ಅಂತ ಇತ್ತು. ನಾನೂ ಕಣ್ಣು ಮುಚ್ಚಿಕೊಂಡು ಏಳು ಅರ್ಜಿಗಳಲ್ಲಿ ಹೆಲ್ಪರ್ ಅಂತಲೇ ಬರೆದೆ. ಒಂದಕ್ಕೂ ಉತ್ತರವಿಲ್ಲ. ಎಂಟನೆಯದಕ್ಕೆ ಕೂತಾಗ ಆಕೆ, ‘ಇದರಲ್ಲಿ ಏನ್ ಬರ್ದಿದೀರಾ, ಒಸಿ ಕನ್ನಡದಲ್ಲಿ ಹೇಳಿ ಸಾರ್’ ಅಂದಳು. ಹೇಳಿದೆ. ಕೇಳಿಸಿಕೊಂಡು, ‘ನಾನ್ ಕೇಳ್ತಿರೋದು ಕೆಲಸ ಸಾರ್, ಭಿಕ್ಷೆ ಅಲ್ಲ’ ಅನ್ನಬೇಕೇ! ಅರವತ್ತೆಂಟು ವರ್ಷದ ನನ್ನ ಕಿವಿ ಬಿಸಿಯಾಯಿತು. ಪೆನ್ನು ಕೆಳಗಿಟ್ಟು, ನಿಜವಾಗಿ ನೀನು ಮಾಡುತ್ತಿದ್ದ ಕೆಲಸವೇನು ಎಂದು ಮೊದಲ ಸಲ ಕೇಳಿದೆ. ಆಕೆ ಉತ್ತರ ಕೊಡುವ ಬದಲು ನನ್ನ ಚಹಾದ ಗಾಜಿನ ಲೋಟವನ್ನು ಎತ್ತಿ, ‘ಇದನ್ನ ಇವತ್ತೇ ಬಿಸಾಕಿ’ ಅಂದಳು. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ, ಏನೂ ಇಲ್ಲ. ನನ್ನ ಹಟ ನಿನಗೆ ಗೊತ್ತು. ಫ್ಲಾಸ್ಕಿನಿಂದ ಬಿಸಿ ಚಹಾ ಸುರಿದೇಬಿಟ್ಟೆ. ಲೋಟ ಟಣ್ಣೆಂದು ಎರಡು ಹೋಳಾಗಿ, ಚಹಾವೆಲ್ಲ ಎಂಟನೆಯ ಅರ್ಜಿಯ ಮೇಲೆ. ಆಕೆ ನಗಲಿಲ್ಲ ಕೂಡ. ಬಟ್ಟೆ ತಂದು ಒರೆಸಿದಳು.

ಒಂಬತ್ತನೆಯ ಅರ್ಜಿ ಕನ್ನಡದಲ್ಲಿ ಬರೆದೆ, ನಾಲ್ಕೇ ಸಾಲು. ಇಂಜೆಕ್ಷನ್ ಔಷಧಿ ತುಂಬುವ ಕಾರ್ಖಾನೆಯಿಂದ ಕರೆ ಬಂತು. ಮಂಗಳವಾರ ನಾನೂ ಜೊತೆಗೆ ಹೋಗಿದ್ದೆ, ಗಾಜಿನ ಗೋಡೆಯ ಈಚೆ ಕೂರಿಸಿದರು, ಒಳಗಿನ ಮಾತೂ ಕೇಳಿಸುವಷ್ಟು ಹತ್ತಿರ. ಒಳಗೆ ಮೇಲೆ ದೀಪ, ಹಿಂದೆ ಅರ್ಧ ಕಪ್ಪು ಅರ್ಧ ಬಿಳಿ ಹಲಗೆ, ಮುಂದೆ ಹೆಬ್ಬೆರಳಿನಷ್ಟು ಉದ್ದದ, ಔಷಧಿ ತುಂಬಿದ ಇನ್ನೂರು ಸೀಸೆ. ಅವುಗಳಲ್ಲಿ ಹನ್ನೆರಡು ಕೆಟ್ಟವನ್ನು ಅವರೇ ಬೆರೆಸಿಟ್ಟಿದ್ದರು. ತಮ್ಮಾ, ಆ ಕೈ ಹೋಗುತ್ತಿದ್ದ ಲಯವನ್ನು ನೀನು ಹತ್ತೊಂಬತ್ತು ವರ್ಷ ನೋಡಿದ್ದೀಯ, ನಿನಗೆ ಮಾಮೂಲಾಗಿರಬಹುದು. ನನ್ನ ಮೈ ಜುಮ್ಮೆಂದಿತು. ಎತ್ತುವುದು, ಮೆಲ್ಲಗೆ ತಿರುವುವುದು, ಇಡುವುದು. ಒಂದರ ಮೇಲೂ ಕಣ್ಣು ನೆಟ್ಟಂತೆ ಕಾಣಲಿಲ್ಲ. ಬರುವಾಗ ಬಸ್ಸಿನಲ್ಲಿ ಕೇಳಿದ್ದಕ್ಕೆ, ‘ಸೀಸೆ ನೋಡಬಾರದು ಸಾರ್, ಅದರ ಆಚೆ ನೋಡ್ಬೇಕು. ತಪ್ಪು ತಾನಾಗೇ ಅಡ್ಡ ಬರುತ್ತೆ’ ಅಂದಳು. ನಾಲ್ಕು ವರ್ಷ ಕಾಲೇಜಿನ ಮೆಟ್ಟಿಲು ಸವೆಸಿದ ನನಗೆ ಯಾರೂ ಇಂಥ ಮಾತು ಹೇಳಿಕೊಡಲಿಲ್ಲ.

ಆಕೆ ತೆಗೆದಿಟ್ಟದ್ದು ಹದಿನಾಲ್ಕು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ‘ಎರಡು ಜಾಸ್ತಿ ಆಯ್ತಲ್ಲಮ್ಮ, ಇವು ಚೆನ್ನಾಗಿರೋವು’ ಅಂದಳು. ‘ಒಂದನ್ನ ತಲೆಕೆಳಗೆ ಮಾಡಿ ನೋಡಿ’ ಅಂದಳು ನಮ್ಮವಳು. ಮಾಡಿದರೆ, ಕೂದಲಿಗಿಂತ ತೆಳ್ಳಗಿನ ಗಾಜಿನ ಚೂರೊಂದು ಬೆಳಕಿನಲ್ಲಿ ಮಿಂಚುತ್ತ ಇಳಿಯಿತು. ಮತ್ತೊಂದರಲ್ಲಿ? ‘ಅದರಲ್ಲಿ ಏನೂ ಕಾಣ್ಲಿಲ್ಲ, ಅನುಮಾನ ಬಂತು ಅಷ್ಟೆ. ಯಾರದೋ ಮೈಯೊಳಗೆ ಹೋಗೋ ವಸ್ತು. ಅನುಮಾನ ಬಂದಿದ್ದನ್ನ ಬಿಡೋದು ಹೆಂಗೆ?’ ಗೋಡೆಯ ಈಚೆ ನಾನು ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ, ಮಂಡಿ ಕೂಡ ಸದ್ದು ಮಾಡಲಿಲ್ಲ. ಇಂಥವಳನ್ನು ಏಳು ಸಲ ಹೆಲ್ಪರ್ ಅಂತ ಬರೆದ ಕೈ ಇದು.

ಆದರೆ ಕಾರ್ಡಿನ ಆ ಒಂದು ಪದ ಅಲ್ಲೂ ಅಡ್ಡ ಬಂತು. ಆಕೆ ಇಷ್ಟು ವರ್ಷ ಸೀಸೆ ತಪಾಸಣೆಯನ್ನೇ ಮಾಡಿದ್ದಾಳೆ ಎಂದು ಮೇಲಿದ್ದವರು ಬರೆದು ಸಹಿ ಮಾಡಿಕೊಡಬೇಕಂತೆ. ಔಷಧಿ ಕಾರ್ಖಾನೆಯ ಕಟ್ಟುನಿಟ್ಟು. ಮುಂದಿನ ಶುಕ್ರವಾರದೊಳಗೆ ಕೊಡದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತಾರೆ. ನಿಮ್ಮ ಕಚೇರಿಗೆ ಬೀಗ, ಮಾಲೀಕರ ಸುಳಿವಿಲ್ಲ. ಉಳಿದವನು ನೀನೊಬ್ಬನೇ. ಒಕ್ಕಣೆ ಬರೆದು ಜೊತೆಗಿಟ್ಟಿದ್ದೇನೆ, ಹೆದರಬೇಡ, ಕನ್ನಡದಲ್ಲೇ ಇದೆ. ಇನ್ನೂ ಏನೋ ಹೇಳುವುದಿತ್ತು... ಅರೆ, ಸಾಲು ಸಾಲಿನ ಮೇಲೆ ಹತ್ತುತ್ತಿದೆ. ಕಿಟಕಿಯ ಬೆಳಕು ಹೋಗುತ್ತಿದೆ ಕಣೋ, ನಿಲ್ಲಿಸುತ್ತೇನೆ. ಮೊಮ್ಮಗಳ ಕೆನ್ನೆಗೆ ನನ್ನದೊಂದು ಮುತ್ತು, ಮಗಳು ಅಳಿಯನಿಗೆ ಆಶೀರ್ವಾದ, ನಿನ್ನ ತಲೆಯ ಮೇಲೆ ನನ್ನ ಎರಡೂ ಕೈ.

ನಿನ್ನ ಅಣ್ಣ

ತಾ.ಕ.: ದೀಪ ಹಾಕಿ ಮತ್ತೆ ಕೂತೆ. ಸಹಿ ನಿನ್ನದು ಬೇಕು ಅಂದಾಗ ಹದ್ದಕ್ಕ ಕಾರ್ಡನ್ನು ಚೀಲಕ್ಕೆ ಹಾಕಿ ಎದ್ದಳು. ಕೋಪ ಅಂದುಕೊಂಡೆ. ಆಮೇಲೆ ಅಂದಳು: ‘ಅವತ್ತು ಗೇಟಿನ ಹತ್ರ ನಿಮ್ಮ ತಮ್ಮನೋರೇ ಕೆಲಸ ಹೋದ ನಮ್ಮೆಲ್ಲರ ಹೆಸರು ಓದಿದರಲ್ಲ ಸಾರ್, ಪಟ್ಟಿಯಲ್ಲಿ ಕೊನೇ ಹೆಸರು ಅವರದ್ದೇ. ಅದನ್ನೂ ಓದಿದರು. ಅವರಿಗೆ ಯಾರಾದ್ರೂ ಕೆಲಸ ಹುಡುಕ್ತಾ ಇದಾರಾ?’ ನನಗೆ ‘ಕೆಲಸ ನಾನೇ ಬಿಟ್ಟೆ’ ಅಂದಿದ್ದೆಯಲ್ಲೋ. ಊರವರಿಗೆಲ್ಲ ಅರ್ಜಿ ಬರೆದವನು ನಿನ್ನನ್ನು ಒಂದು ಮಾತು ಕೇಳಲಿಲ್ಲ. ಸಹಿ ಮಾಡಿದ ಆ ಕಾಗದವನ್ನು ಅಂಚೆಗೆ ಹಾಕಬೇಡ. ನೀನೇ ತೆಗೆದುಕೊಂಡು ಬಾ.