ಸ್ಟಾರ್ಟ್ ಆಗಬಾರದ ಗೇರ್

೧೨ ಫೆಬ್ರವರಿ ೨೦೦೬, ಭಾನುವಾರ, ಬೆಳಿಗ್ಗೆ

ಕಾರು ಒರೆಸಿದ್ದಾಯಿತು. ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ದೀಪ ಹತ್ತುತ್ತವೆ, ಹಾರ್ನ್ ಕೂಗುತ್ತದೆ, ಇಂಜಿನ್ ಮಾತ್ರ ಉಸಿರೆತ್ತುವುದಿಲ್ಲ. ಕೊನೆಗೆ ನನ್ನ ಹೆಂಡತಿ ಇಂದ್ರಾಣಿ ಮಾಡುತ್ತಿದ್ದ ಹಾಗೆ ಮಾಡಿದೆ — ಗೇರ್ ಕಡ್ಡಿಯನ್ನು ಪಾರ್ಕಿನಿಂದ ನ್ಯೂಟ್ರಲ್ಲಿಗೆ ತಂದು, ಟಕ್ ಟಕ್ ಅಂತ ಎರಡು ಸಲ ಮುಂದಕ್ಕೆ ನೂಕಿ, ಹಾಗೇ ಹಿಡಿದುಕೊಂಡು ಕೀ ತಿರುಗಿಸಿದೆ. ಸೆಲ್ಫ್ ಹೊಡೆಯಿತು.

ಇಷ್ಟು ವರ್ಷ ಅದನ್ನು ಅವಳ ಅಭ್ಯಾಸ ಅಂದುಕೊಂಡಿದ್ದೆ. ಕೆಲವರು ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದಿಲ್ಲವೇ, ಹಾಗೆ.

ಪೋಲಿಯೋ ಕಾಲು ಅವಳದು, ಎಡಗಾಲು. ಕ್ಲಚ್ ತುಳಿಯಲಾಗದು. ಅದಕ್ಕೇ ಮೈಸೂರಿನ ಡಾಕ್ಟರೊಬ್ಬರಿಂದ ಈ ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್. ಅವಳು ಕವಲಂದೆ ಸ್ಕೂಲಿಗೆ ಪಾಠ ಮಾಡಲು ಹೋಗುವ ದಾರಿಯಲ್ಲಿ ನನ್ನನ್ನು ಆಫೀಸಿಗೆ ಬಿಟ್ಟು ಹೋಗುವಳು. ನೀರಾವರಿ ಇಲಾಖೆಯಲ್ಲಿ ಎಲ್ಲರೂ — "ಏನ್ ನಟರಾಜ್, ಮೇಡಮ್ಮು ಡ್ರೈವರ್ರು, ನೀವು ಕ್ಲೀನರ್ರಾ?" ಹೌದು, ಕ್ಲೀನರ್ರೇ. ಶೆಡ್ಡಿನಿಂದ ರಿವರ್ಸ್ ತೆಗೆಯುವಾಗ ಹಿಂದೆ ನಿಂತು "ಬರ್ಲಿ... ಬರ್ಲಿ..." ಅನ್ನುವುದು ನನ್ನ ಕೆಲಸ. ಓಡಿಸಲು ಕಲಿತದ್ದು ಅವಳು ತೀರಿಕೊಂಡ ಮೇಲೆ.

ಟಿ. ನರಸೀಪುರಕ್ಕೆ ಹೊರಡಬೇಕು. ಇಂದ್ರಾಣಿಯ ಅಕ್ಕ ಮಂಗಳಮ್ಮಕ್ಕ ಕಾಯುತ್ತಿರುತ್ತಾರೆ.

೧೪ ಫೆಬ್ರವರಿ

ಶಿವಸ್ವಾಮಿಯ ಗ್ಯಾರೇಜು. ಬಾನೆಟ್ ಎತ್ತುವ ಮೊದಲೇ ತೀರ್ಪು — "ಬ್ಯಾಟ್ರಿ ಕಣ್ಸಾ." ಹೊಸ ಬ್ಯಾಟರಿ ಹಾಕಿದ. ಅದೇ ಕಥೆ. "ಅಂಗಾರೆ ಸೆಲ್ಫ್ ಮೋಟ್ರು." ಅದನ್ನು ಬಿಚ್ಚಿ ನೆಲದ ಮೇಲಿಟ್ಟು ಕರೆಂಟ್ ಕೊಟ್ಟರೆ ಗಿರ್ರನೆ ತಿರುಗಿತು. ತಲೆ ಕೆರೆದುಕೊಂಡ.

"ಆಟೋಮ್ಯಾಟಿಕ್ ಅಂದ್ರೆ ದೊಡ್ ಮನೆ ಸೊಸೆ ಇದ್ದಂಗೆ ಸಾ. ಯಾಕ್ ಮುನುಸ್ಕಂಡ್ಳು ಅಂತ ಬಾಯ್ ಬಿಟ್ಟು ಯೋಳಕಿಲ್ಲ."

ಕಾರು ಅಲ್ಲೇ ಬಿಟ್ಟು ನಡೆದು ಬಂದೆ. ಬಿಸಿಲು.

೧೭ ಫೆಬ್ರವರಿ, ಸಂಜೆ

ಕಾರಣ ಸಿಕ್ಕಿತಂತೆ. ಗೇರ್ ಬಾಕ್ಸಿನ ಪಕ್ಕ ಒಂದು ಸ್ವಿಚ್. ಕಡ್ಡಿ ಪಾರ್ಕಿನಲ್ಲೋ ನ್ಯೂಟ್ರಲ್ಲಿನಲ್ಲೋ ಇದ್ದರೆ ಮಾತ್ರ ಸೆಲ್ಫಿಗೆ ಕರೆಂಟ್ ಬಿಡುತ್ತದೆ. ಬೇರೆ ಗೇರಿನಲ್ಲಿ ಬಿಡುವುದಿಲ್ಲ.

"ಅದು ಕೆಟ್ಟೋಗದೆ. ಒಂದ್ ವೈರ್ ಎಳ್ದು ಸೆಲ್ಫಿಗೆ ಡೈರೆಕ್ಟ್ ಮಾಡಿವ್ನಿ."

"ಸ್ವಿಚ್ ಬೇಡವೇನ್ರೀ?"

"ನಮ್ ಲಾರಿಗಳ್ಗೆ ಅಂಥ ಸ್ವಿಚ್ಚು ಎಲ್ಲಿದ್ದದು ಸಾ? ಓಡ್ತಿಲ್ವಾ?"

ಕೀ ತಿರುಗಿಸಿದೆ. ಒಂದೇ ಸಲಕ್ಕೆ! ಥ್ಯಾಂಕ್ಯೂ ವೆರಿ ಮಚ್ ಇಂಡೀಡ್ ಅಂದೆ. ಅವನು ನಕ್ಕ.

೫ ಮಾರ್ಚ್, ಭಾನುವಾರ

ಬರೆಯಬೇಕು.

ಟಿ. ನರಸೀಪುರ. ಅಕ್ಕನ ಮನೆ ಮುಂದೆ ಕಾರನ್ನು ಹೊಂಗೆ ನೆರಳಿಗೆ ಸರಿಸುತ್ತಿದ್ದೆ. ಒಳಗಿನಿಂದ ಕಾಫಿಗೆ ಕರೆದರು. ಕೀ ಆಫ್ ಮಾಡಿ ಇಳಿದೆ. ಕಡ್ಡಿ ಡಿಯಲ್ಲೇ, ಮುಂದಕ್ಕೆ ಓಡುವ ಗೇರಿನಲ್ಲೇ ಉಳಿದಿತ್ತು. ಹ್ಯಾಂಡ್‌ಬ್ರೇಕೂ ಇಲ್ಲ. ಹೊರಡುವಾಗ ಅಕ್ಕ ರಾಗಿ ಹಿಟ್ಟಿನ ಡಬ್ಬ ಹಿಡಿದು ಕಾರಿನ ಮುಂದಿನಿಂದ ಬರುತ್ತಿದ್ದರು. ನಾನು ಮಾತಾಡುತ್ತಾ ಕೀ ತಿರುಗಿಸಿದೆ.

ಎಗರಿತು.

ಬ್ರೇಕ್ ತುಳಿದೆ. ತುಳಿದದ್ದು ನಾನೋ ಕಾಲೋ ಗೊತ್ತಿಲ್ಲ. ಅಕ್ಕ ಜಗಲಿ ಮೇಲೆ ಕುಸಿದು ಕೂತಿದ್ದರು. ಏಟಿಲ್ಲ. ಬಾನೆಟ್ ಮೇಲೆಲ್ಲ ರಾಗಿ ಹಿಟ್ಟು. ಡಬ್ಬ ಚಕ್ರದಡಿ ಅಪ್ಪಚ್ಚಿ.

ಅಕ್ಕ ಸೆರಗಿನ ಹಿಟ್ಟು ಕೊಡವಿದರು. "ನನ್ ತಂಗಿ ಓಡುಸ್ವಾಗ ಒಂದ್ ಕೋಳಿಮರಿ ಸಾಯ್ನಿಲ್ಲ. ನೀನು ನೆಂಟ್ರನ್ನೇ ಗುರಿ ಇಟ್ಬುಟ್ಟೆಯಲ್ಲೋ ನಟರಾಜು!" ನಗಲು ನೋಡಿದರು.

೯ ಏಪ್ರಿಲ್

ಬಸ್ಸಿನಲ್ಲೇ ಓಡಾಟ. ಕಾರು ಶೆಡ್ಡಿನಲ್ಲಿ.

ಮೇ ಏಳಕ್ಕೆ ಇಂದ್ರಾಣಿ ತೀರಿಕೊಂಡು ವರ್ಷ. ಕವಲಂದೆ ಆಚೆ, ನಮ್ಮ ಹೊಲದಲ್ಲಿ ಸಮಾಧಿ. ಅಲ್ಲಿಗೆ ಬಸ್ಸಿಲ್ಲ. ಅಕ್ಕನ ಮಂಡಿಗೆ ಅಷ್ಟು ದೂರ ನಡೆಯಲಾಗದು. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದೆ.

"ಬ್ಯಾಡ ಕಣಪ್ಪ. ಇಲ್ಲೇ ಒಂದ್ ಎಡೆ ಇಟ್ಕತೀನಿ. ಆ ಗಾಡಿಗೆ ಮಾತ್ರ ನಾ ಅತ್ತಕಿಲ್ಲ."

ಮಕ್ಕಳಿಲ್ಲ ನಮಗೆ. ಬುದ್ಧನ ಪಂಚಶೀಲ ಹೇಳಲು ಊರಿನವರು ಬರುತ್ತಾರೆ, ಸರಿ. ಆದರೆ ಇಂದ್ರಾಣಿಯನ್ನು "ಇಂದ್ರಿ" ಅನ್ನುವವರು ಈಗ ಈ ಭೂಮಿಯ ಮೇಲೆ ಒಬ್ಬರೇ. ಆ ಒಬ್ಬರು ಅಲ್ಲಿಲ್ಲದಿದ್ದರೆ ಅದೆಂಥ ವರ್ಷ.

೧೧ ಏಪ್ರಿಲ್

ನಿನ್ನೆಯಿಂದ ಒಂದೇ ಯೋಚನೆ. ಅವತ್ತು ಆ ಸ್ವಿಚ್ ಇದ್ದಿದ್ದರೆ ಕಾರು ಕದಲುತ್ತಿರಲಿಲ್ಲ. ಬೇಡ ಅನ್ನಲೆಂದೇ ಇದ್ದ ಒಂದು ವಸ್ತು. ಅದರ ಬಾಯಿ ಕಟ್ಟಿಸಿ ಥ್ಯಾಂಕ್ಯೂ ಬೇರೆ ಹೇಳಿ ಬಂದೆ.

ಇನ್ನೊಂದು. ಬೆಳಿಗ್ಗೆ ಶೆಡ್ಡಿನಿಂದ ರಿವರ್ಸ್ ತೆಗೆದೆ. ಹಿಂದೆ ಬಿಳಿ ಗೋಡೆ. ಕನ್ನಡಿಯಲ್ಲಿ ನೋಡಿದರೆ ಗೋಡೆ ಮೇಲೆ ಬೆಳಕೇ ಇಲ್ಲ. ರಿವರ್ಸ್ ದೀಪ ಹತ್ತಿಲ್ಲ. ಕಡ್ಡಿಯನ್ನು ಸ್ವಲ್ಪ ಮುಂದಕ್ಕೆ ಒತ್ತಿ ಹಿಡಿದೆ — ಹತ್ತಿತು. ಬಿಟ್ಟೆ, ಹೋಯಿತು.

ಆಗ ಹೊಳೆಯಿತು. ಅವಳ ಕಾಲದಲ್ಲೂ ಹೀಗೇ. ಕೆಲವು ದಿನ ಆ ದೀಪ ನನ್ನ ಪಂಚೆ ಮೇಲೆ ಬೀಳುತ್ತಿತ್ತು, ಕೆಲವು ದಿನ ಇಲ್ಲ. ಬಲ್ಬ್ ಲೂಸ್ ಅಂದುಕೊಂಡಿದ್ದೆ. ಆದರೆ ದೀಪ ಹತ್ತದ ದಿನಗಳಲ್ಲೇ ಅಲ್ಲವೇ, ಅದಕ್ಕೂ ಮೊದಲು ಒಳಗಿನಿಂದ ಟಕ್ ಟಕ್ ಕೇಳುತ್ತಿದ್ದದ್ದು?

ಪಿಯುಸಿಯಲ್ಲಿ ಲಾಜಿಕ್ ಇತ್ತು. ಮೆಥಡ್ ಆಫ್ ಅಗ್ರಿಮೆಂಟ್. ಮೆಥಡ್ ಆಫ್ ಡಿಫರೆನ್ಸ್. ಮೂರನೆಯದು ಕಾನ್‌ಕಾಮಿಟೆಂಟ್... ಏನೋ. ಎರಡು ಕಾಯಿಲೆ ಸದಾ ಜೊತೆಯಲ್ಲೇ ಬರುವುದಾದರೆ ಬೇರು ಒಂದೇ ಇರಬೇಕು. ಮೇಷ್ಟರು ಕೊಟ್ಟ ಉದಾಹರಣೆ ಮಲೇರಿಯಾದ್ದೋ ಕೊಳೆತ ಮೀನಿನದ್ದೋ... ಮರೆತಿದೆ.

೧೬ ಏಪ್ರಿಲ್, ಭಾನುವಾರ

ಶಿವಸ್ವಾಮಿ ಮೊದಲು ಒಪ್ಪಲಿಲ್ಲ. "ಇಂದ್ಗಡೆ ಬಲ್ಬಿಗೂ ಸೆಲ್ಫಿಗೂ ಏನ್ ಸಂಬಂಧ ಸಾ? ಕಾಲೇಜಲ್ಲಿ ಇಂಗೇ ಕಲ್ಸುದ್ರಾ?"

"ವೈರ್ ಹಿಡಿದುಕೊಂಡು ಹೋಗಿ ನೋಡ್ರೀ. ಅಷ್ಟೇ ಕೇಳ್ತಿರೋದು."

ಕಾರಿನಡಿ ಹೋದ. ಆಮೇಲೆ ಕೆಳಗಿನಿಂದ ಗಟ್ಟಿಯಾಗಿ — "ಸಾ! ದೀಪದ್ ವೈರೂ ಅದೇ ಸ್ವಿಚ್ಗೇ ಬತ್ತದೆ! ಕೆಟ್ಟಿಲ್ಲ ಕಣ್ಸಾ ಇದು! ಬೋಲ್ಟ್ ಸಡ್ಲ ಆಗಿ ಸ್ವಿಚ್ಚೇ ಜರುಗ್‌ಬುಟ್ಟದೆ!"

ಅಷ್ಟೇ. ಕಡ್ಡಿ ಹೇಳುವುದು ಒಂದು ಗೇರು, ಸ್ವಿಚ್ ತಿಳಿಯುವುದು ಇನ್ನೊಂದು. ಕಡ್ಡಿ ನೂಕಿದಾಗ ಎರಡೂ ಅರೆಕ್ಷಣ ಒಂದಾಗುತ್ತಿದ್ದವು.

ನಾನು ಒಳಗೆ ಕೂತು ಕಡ್ಡಿಯನ್ನು ನ್ಯೂಟ್ರಲ್ಲಿನಲ್ಲಿ ಇಟ್ಟೆ. ಅವನು ಸ್ವಿಚ್ಚನ್ನು ಅದರ ಗುರುತಿಗೆ ಸರಿಯಾಗಿ ತಿರುಗಿಸಿ ಬಿಗಿದ. ವೈರ್ ಕೂಡುವಲ್ಲಿ ಕಿಲುಬು ಹಿಡಿದಿತ್ತು, ಉಜ್ಜಿದ. ತಾನೇ ಹಾಕಿದ ಡೈರೆಕ್ಟ್ ವೈರನ್ನು ಕತ್ತರಿಸುವಾಗ ಸ್ವಲ್ಪ ಮುಖ ಸಣ್ಣ ಮಾಡಿಕೊಂಡ.

ಚಕ್ರಕ್ಕೆ ಕಲ್ಲು. ಬ್ರೇಕ್ ಮೇಲೆ ಕಾಲು. ಪಾರ್ಕ್ — ಹೊಡೆಯಿತು. ನ್ಯೂಟ್ರಲ್ — ಹೊಡೆಯಿತು. ರಿವರ್ಸ್ — ಸದ್ದಿಲ್ಲ, ಗೋಡೆ ಮೇಲೆ ಬೆಳಕು. ಡಿ — ಸದ್ದಿಲ್ಲ. ಇನ್ನೊಮ್ಮೆ ಡಿ. ಮತ್ತೊಮ್ಮೆ.

"ಸಾಕ್ ಬುಡಿ ಸಾ, ಕೀ ಸವ್ದೋದದು."

ಕಾರು ಸ್ಟಾರ್ಟ್ ಆಗದ್ದಕ್ಕೆ ಸಂತೋಷಪಟ್ಟದ್ದು ಇದೇ ಮೊದಲು.

ಇನ್ನು ಟಕ್ ಟಕ್ ಬೇಕಿಲ್ಲ. ಕೈ ಮಾತ್ರ ಹೋಗುತ್ತದೆ.

೬ ಮೇ, ಶನಿವಾರ, ರಾತ್ರಿ

ಟಿ. ನರಸೀಪುರಕ್ಕೆ ಕಾರಿನಲ್ಲೇ ಹೋದೆ. ಹೊಂಗೆ ಕೆಳಗೆ ನಿಲ್ಲಿಸಿ, ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆಫ್ ಮಾಡಿ, ಅಕ್ಕನಿಗೆ ಎಲ್ಲ ವಿವರಿಸಿದೆ. ಸ್ವಿಚ್, ಬೋಲ್ಟು, ದೀಪ, ಲಾಜಿಕ್ಕು. ಅಕ್ಕ ಎಲೆ ಅಡಿಕೆ ಮೆಲ್ಲುತ್ತಾ ಕೇಳಿದರು. ಎದ್ದರು. ಕೈಯಲ್ಲಿ ಬಟ್ಟೆ ಬ್ಯಾಗು. ಸೀದಾ ಹೋಗಿ ಕಾರಿನ ಮುಂದೆ ನಿಂತರು.

"ಅವತ್ತು ಯಾವ್ ಗೇರಲ್ಲಿ ಎಗರ್ತೋ ಅದ್ಕೇ ಆಕು. ತಿರುಗ್ಸು ಕೀಯ."

"ಪಕ್ಕಕ್ಕೆ ಬನ್ನಿ ಅಕ್ಕ. ತೋರಿಸ್ತೀನಿ."

"ರಿಪೇರಿ ಆಗದೆ ಅಂದೆ?"

"ಆಗಿದೆ."

"ಮತ್ತೆ? ತಿರುಗ್ಸು."

ಕೂತೆ. ಡಿಗೆ ಹಾಕಿದೆ. ಕೀ ಹಿಡಿದೆ. ಬೋಲ್ಟ್ ಬಿಗಿದದ್ದು ಕಣ್ಣಾರೆ ನೋಡಿದ್ದೇನೆ. ಇಪ್ಪತ್ತು ದಿನದಿಂದ ದಿನಾ ಬೆಳಿಗ್ಗೆ ಪರೀಕ್ಷೆ ಮಾಡಿದ್ದೇನೆ. ಸ್ಟಾರ್ಟ್ ಆಗುವುದಿಲ್ಲ, ಗೊತ್ತು. ಗಾಜಿನಾಚೆ ಅಕ್ಕನ ಮುಖ. ಹಣೆ ಥೇಟ್ ಇಂದ್ರಾಣಿಯದು.

ಕೈ ತಿರುಗಲಿಲ್ಲ.

ಕಡ್ಡಿ ಪಾರ್ಕಿಗೆ ತಂದೆ. ಕೀ ತೆಗೆದೆ. ಇಳಿದು ಹೋಗಿ ಅವರ ಕೈಗೇ ಕೊಟ್ಟೆ. "ಆಗಲ್ಲ ಅಕ್ಕ. ನೀವು ಮುಂದೆ ನಿಂತಿರುವಾಗ ನನ್ನ ಕೈಲಿ ಆಗಲ್ಲ. ಬಸ್ಸಿಗೇ ಹೋಗೋಣ. ಸ್ಟಾಪಿನಿಂದ ಆಚೆಗೆ ಎತ್ತಿನ ಗಾಡಿ ಕಟ್ಟಿಸ್ತೀನಿ."

ಅಕ್ಕ ಕೀಯನ್ನೂ ನನ್ನನ್ನೂ ನೋಡಿದರು. ಕೀ ವಾಪಸ್ ಕೊಟ್ಟರು. ಜೊತೆಗೆ ಬ್ಯಾಗೂ.

"ನಡಿ ಮತ್ತೆ. ಕತ್ತಲಾಯ್ತದೆ." ತಾವೇ ಬಾಗಿಲು ತೆಗೆದು ಎಡಗಡೆ ಸೀಟಿನಲ್ಲಿ ಕೂತರು. ಇಂದ್ರಾಣಿ ಓಡಿಸುವಾಗ ನನ್ನ ಸೀಟು ಅದು.

ದಾರಿಯಲ್ಲಿ ಎಲೆ ಅಡಿಕೆ ಉಗುಳಲು ಗಾಜು ಇಳಿಸಿದರು. ಆಮೇಲೆ ತಾವಾಗಿ — "ಮೂರ್ನೇ ಕ್ಲಾಸ್ ಗಂಟ ಅವಳ್ನ ಸೊಂಟದ್ ಮೇಲೆ ಒತ್ಕಂಡು ಸ್ಕೂಲ್ಗೆ ಓಯ್ತಿದ್ದೋಳು ನಾನೇಯ. ನಿಂತ್ಕಂಡ್ರೆ ಬುಡೋಳಲ್ಲ. ನೆಟ್ಟಗಿದ್ ಕಾಲಲ್ಲಿ ಎರ್ಡ್ ಸಲ ಪಕ್ಕೆಗೆ ಒದಿಯೋಳು. ನಡಿಯಕ್ಕ ಅಂತ."

ರಸ್ತೆ ಸ್ವಲ್ಪ ಹೊತ್ತು ಕಾಣಲಿಲ್ಲ. ನಿಧಾನ ಮಾಡಿದೆ.

೭ ಮೇ, ಭಾನುವಾರ, ಬೆಳಿಗ್ಗೆ ೬

ಎಡೆ ಸಾಮಾನು ಹಿಂದಿನ ಸೀಟಿಗಿಟ್ಟಾಯಿತು. ಮುದ್ದೆ, ಉಪ್ಪೆಸರು, ಕೋಳಿ ಸಾರು. ಬುದ್ಧನ ಫೋಟೋ, ಹೂವು, ಮೇಣದಬತ್ತಿ. ಹೊರಡುವ ಮುಂಚೆ ನಾಲ್ಕು ಸಾಲು ಬರೆಯೋಣ ಅಂತ ಕೂತೆ. ನಿನ್ನೆ ಅಕ್ಕ ಹೇಳಿದ್ದರಲ್ಲಿ ಇನ್ನೂ ಎಷ್ಟೋ ಉಳಿದಿದೆ, ಮರೆಯುವ ಮೊದಲು...

ಹಾರ್ನ್. ಅಕ್ಕ ಆಗಲೇ ಹೋಗಿ ಕೂತಿದ್ದಾರೆ. ಆ ಸೀಟಿನಿಂದ ಬಗ್ಗಿ ಒತ್ತುತ್ತಿರಬೇಕು.

ಮತ್ತೆ ಹಾರ್ನ್. ಎರಡು ಸಲ. ಬಂದೆ, ಬಂ